ತಡಿಕೆ ಕಿತ್ತು ತೆಗೆದ ಸಿನಿಮಾ

ಮೂರು ಸಲ ಕೆಡವಿ ಬೇರೆ ಬೇರೆ ಇಟ್ಟಿದ್ದ ತೆಂಗಿನಕಾಯಿಯನ್ನು ಕಲೆಸಿ ಒಂದೇ ರಾಶಿ ಮಾಡಿದ ಕೀರ್ತಿ ನಮ್ಮ ವಂಶದಲ್ಲಿ ನನಗೊಬ್ಬಳಿಗೇ ಸಲ್ಲಬೇಕು. ತುರುವೇಕೆರೆ ಸುತ್ತಿನ ತೋಟಗಳಲ್ಲಿ ಹುಟ್ಟಿದ ಮೂರು ವರ್ಷದ ಮಗುವೂ ಅಂಥ ಕೆಲಸ ಮಾಡುವುದಿಲ್ಲ. ನಾನು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಪದವಿ ಮುಗಿಸಿ, ಕೊರಳಿಗೆ ಕ್ಯಾಮೆರಾ ಚೀಲ ನೇತುಹಾಕಿಕೊಂಡು, ನಮ್ಮ ಸಂಸ್ಕೃತಿಯನ್ನು ದಾಖಲಿಸುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿಕೊಂಡು ಮಾಡಿದೆ. ಈಗಲೂ ದಬ್ಬೇಘಟ್ಟದ ಸೋದರತ್ತೆಯ ಮನೆಗೆ ಹೋದರೆ "ಬಂದ್ಲು ನೋಡ್ರಿ ರಾಶಿ ಕಲೆಸಿದೋಳು" ಎಂದೇ ಕಾಫಿ ತಂದುಕೊಡುತ್ತಾರೆ. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಈಗ ಕಾಫಿಗೆ ಸಕ್ಕರೆ ಕಡಿಮೆಯಾದರೆ ಮಾತ್ರ ಸಿಟ್ಟು ಬರುತ್ತದೆ.

ಈ ತಪ್ಪು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ನಮ್ಮ ಕಡೆಯ ಕೊಬ್ಬರಿ ಆಗುವ ಬಗೆ ಗೊತ್ತಿರಬೇಕು. ಬೇರೆ ಕಡೆ ಕಾಯಿ ಒಡೆದು ಬಿಸಿಲಿಗೆ ಹಾಕುತ್ತಾರಂತೆ. ನಾವು ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಬಿಗಿದುಕೊಂಡು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ, ಕೊನೆಗೆ ಇಡೀ ಉಂಡೆಯಾಗಿ ಒಳಗೇ ಉರುಳಾಡುತ್ತದೆ. ಬೇಗ ಒಡೆದರೆ ಹಸಿಯಾಗಿ ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಬಹಳ ದಿನ ಬಿಟ್ಟರೆ ಕೌಟು ಹಿಡಿದು ಬಾಯಿಗಿಡಲಾಗುವುದಿಲ್ಲ. ಅದಕ್ಕೇ ಒಂದೊಂದು ಸಲ ಕೆಡವಿದ ಕಾಯಿಗೂ ಒಂದೊಂದು ರಾಶಿ, ರಾಶಿ ರಾಶಿಗೂ ನಡುವೆ ತೆಂಗಿನ ಗರಿಯಲ್ಲಿ ಹೆಣೆದ ತಡಿಕೆ. ಮೇಲಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ ಥರ ಕಂದು. ಯಾವುದು ಯಾವಾಗಿನದು ಅಂತ ಹೇಳುವುದು ಆ ತಡಿಕೆ ಮಾತ್ರ.

ತಡಿಕೆ ಬಿಟ್ಟರೆ ಅಜ್ಜಿ. ಅಪ್ಪನ ತಾಯಿ, ಎಪ್ಪತ್ತು ದಾಟಿದವಳು, ಕೊಟ್ಟಿಗೆಯ ಮೇಲಿನ ನಮ್ಮ ಅಟ್ಟಕ್ಕೆ ಅವಳೇ ಒಡತಿ. ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಯ ಪಕ್ಕಕ್ಕೆ ತಂದು, ಎರಡು ಸಲ ಅಲ್ಲಾಡಿಸಿ ಮೂರು ಮಾತಿನಲ್ಲಿ ಒಂದನ್ನು ಹೇಳುತ್ತಿದ್ದಳು. ಒಳಗೆ ಇನ್ನೂ ನೀರಿದ್ದರೆ "ನೀರು". ನೀರಿಂಗಿ ತಿರುಳು ಇನ್ನೂ ಚಿಪ್ಪಿಗೆ ಕಚ್ಚಿಕೊಂಡಿದ್ದರೆ "ತಡಿ". ಉಂಡೆ ಬಿಟ್ಟುಕೊಂಡಿದ್ದರೆ "ಆಯ್ತು". ಅವಳು "ತಡಿ" ಅಂದ ಕಾಯಿಯನ್ನು ಒಡೆಯುವ ಧೈರ್ಯ ನಮ್ಮ ಅಪ್ಪನಿಗೂ ಇರಲಿಲ್ಲ. ಅಕ್ಕಪಕ್ಕದ ತೋಟದವರೂ ಅನುಮಾನದ ಕಾಯಿಗಳನ್ನು ಚೀಲದಲ್ಲಿ ತಂದು ಅವಳ ಮುಂದೆ ಸುರಿದು, ಹೇಳಿಸಿಕೊಂಡು ಹೋಗುತ್ತಿದ್ದರು. ಅಜ್ಜಿಯ ಕಿವಿ ಅಂದರೆ ನಮ್ಮ ಸುತ್ತಮುತ್ತ ಅಷ್ಟು ಹೆಸರು.

ಸಿನಿಮಾ ಮಾಡುವ ಹುಚ್ಚು ಹತ್ತಿದ್ದು ಮೂವರಿಗೆ. ತಿಪಟೂರಿನಲ್ಲಿ ನನ್ನ ಜೊತೆ ಓದಿದ ಹುಡುಗ ಒಬ್ಬ, ಮದುವೆ ಮನೆಗಳ ವಿಡಿಯೋ ತೆಗೆದು ಕೈ ಪಳಗಿಸಿಕೊಂಡವನು, ಅವನು ಕ್ಯಾಮೆರಾ. ಅಮ್ಮಸಂದ್ರದ ಹುಡುಗಿ ಒಬ್ಬಳು, ಅವಳಿಗೆ ಕಣ್ಣಿಗಿಂತ ಕಿವಿಯೇ ಚುರುಕು, ಬಸ್ಸಿನ ಸದ್ದು ಕೇಳಿಯೇ ಯಾವ ಬಸ್ಸೆಂದು ಹೇಳುತ್ತಿದ್ದಳು, ಅವಳು ಸೌಂಡು. ಇನ್ನು ಬರೆಯುವವಳು, ನಿರ್ದೇಶಿಸುವವಳು, ಎಲ್ಲರ ಮೇಲೂ ರೇಗುವವಳು ನಾನು. ಒಂದು ಸಂಸ್ಥೆ ಯುವಜನರಿಂದ ಕಿರುಚಿತ್ರಗಳನ್ನು ಕರೆದಿತ್ತು. ನಿಮ್ಮ ಮನೆ, ನಿಮ್ಮ ಹಿರಿಯರು, ನಿಮ್ಮ ಪರಂಪರೆ, ಹದಿನೈದು ನಿಮಿಷದಲ್ಲಿ ತೋರಿಸಿ ಎಂದಿತ್ತು. ಓದಿದ ಕೂಡಲೇ ನಾನು ಎದ್ದುನಿಂತು, ನಮ್ಮಜ್ಜಿ ಇದ್ದಾಳಲ್ಲ ಎಂದೆ. ಅಜ್ಜಿ ಎಂದರೆ ಪರಂಪರೆ, ಅದರಲ್ಲಿ ಯೋಚಿಸುವುದೇನಿದೆ ಎನ್ನುವಷ್ಟು ಜಾಣೆ ನಾನಾಗ.

ಮೊದಲ ವಾರ ನಾವು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಅಜ್ಜಿ ಉಡುತ್ತಿದ್ದುದು ಹೂವಿನ ಚಿತ್ತಾರದ ನೈಲಾನ್ ಸೀರೆ, ಒಗೆದರೆ ಬೇಗ ಒಣಗುತ್ತದೆ ಅಂತ. ಕ್ಯಾಮೆರಾಕ್ಕೆ ಅದು ಚೆನ್ನಾಗಿರುವುದಿಲ್ಲ ಎಂದು ನಾನು ಯಾರದೋ ಮನೆಯಿಂದ ಒರಟು ಕೈಮಗ್ಗದ ಸೀರೆ ತಂದು ಉಡಿಸಿದೆ. ಬೀಸುವ ಕಲ್ಲು ಬೇಕೆಂದು ಹುಡುಕಿದೆವು. ನಮ್ಮ ಮನೆಯ ಬೀಸುವ ಕಲ್ಲಿನ ಮೇಲ್ಭಾಗ ಎಷ್ಟೋ ವರ್ಷದಿಂದ ಬಚ್ಚಲ ಮುಂದೆ ಕಾಲುಜ್ಜುವ ಕಲ್ಲಾಗಿತ್ತು. ಅದನ್ನೇ ತೊಳೆದು ತಂದು ಅಜ್ಜಿಯ ಮುಂದಿಟ್ಟೆವು. ಅಜ್ಜಿ ಬೀಸುವ ಹಾಗೆ ಕೈ ಆಡಿಸಿದಳು. ಹಳೆಯ ಹಾಡು ಹೇಳಜ್ಜಿ ಅಂದರೆ, ನಂಗೆ ಹಾಡು ಗೀಡು ಬರಲ್ಲ, ಧಾರಾವಾಹಿ ಕಥೆ ಬೇಕಾರೆ ಹೇಳ್ತೀನಿ ಅಂದಳು.

ಮೂರನೆಯ ದಿನ ಅವಳು ಸೀರೆಯ ಸೆರಗು ಹಿಡಿದು ಉಜ್ಜಿ ನೋಡಿ ನನ್ನನ್ನು ಕೇಳಿದಳು.

"ಇದ್ಯಾರ ಮನೆ ಕಥೆ ಕಣೇ?"

"ನಿಂದೇ ಅಜ್ಜಿ."

"ನಂದಾ? ನಾನ್ಯಾವತ್ತು ಈ ಸೀರೆ ಉಟ್ಟಿದ್ದೆ? ಕಾಲುಜ್ಜೋ ಕಲ್ಲಲ್ಲಿ ಯಾವತ್ತು ರಾಗಿ ಬೀಸಿದ್ದೆ? ನನ್ ಹೆಸರಲ್ಲಿ ಯಾರ್ದೋ ಕಥೆ ಮಾಡ್ತಾ ಇದೀಯಾ. ಬುಡು ಅತ್ಲಾಗಿ, ನಂಗೆ ಅಟ್ಟದಲ್ಲಿ ಕೆಲ್ಸ ಐತೆ."

ಸೀರೆ ಬಿಚ್ಚಿ ನನ್ನ ಕೈಗಿಟ್ಟು, ನೈಲಾನ್ ಸೀರೆ ಸುತ್ತಿಕೊಂಡು ಅಟ್ಟದ ಏಣಿ ಹತ್ತಿದಳು. ನನಗೆ ಅವಮಾನವಾಯಿತು. ಆದರೆ ಕ್ಯಾಮೆರಾದ ಹುಡುಗ ಅವಳ ಹಿಂದೆಯೇ ಏಣಿ ಹತ್ತಿ, ಮೇಲಿನಿಂದ ಕೂಗಿದ. "ಲೇ ಬಾರೇ ಇಲ್ಲಿ! ಹೆಂಚಿನ ಸಂದೀಲಿ ಬಿಸಿಲು ಬೀಳ್ತಾ ಐತೆ. ಸಿನಿಮಾ ಇಲ್ಲೈತೆ ಕಣೇ, ಕೆಳಗಲ್ಲ."

ಅವನು ಹೇಳಿದ್ದು ನಿಜ. ನಾನು ಹುಟ್ಟಿದಾಗಿನಿಂದ ನೋಡಿದ ಅಟ್ಟ ಅವನ ಕ್ಯಾಮೆರಾದೊಳಗೆ ಬೇರೆಯೇ ಜಾಗವಾಗಿ ಕಾಣುತ್ತಿತ್ತು. ಒಂದೇ ಒಂದು ತೊಂದರೆ. ನಡುವಿನ ಎರಡು ತಡಿಕೆಗಳು ಬಿಸಿಲನ್ನು ತಡೆಯುತ್ತಿದ್ದವು, ಇಡೀ ಅಟ್ಟ ಒಂದೇ ನೋಟಕ್ಕೆ ಸಿಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅಜ್ಜಿ ತೋಟಕ್ಕೆ ಹೋಗಿದ್ದಾಗ ನಾನು ತಡಿಕೆ ಕಿತ್ತು ಹಾಕೋಣ ಅಂದೆ. ಕಿತ್ತೆವು. ಕಾಯಿಗಳು ತಾವಾಗಿಯೇ ದಡದಡ ಉರುಳಿಕೊಂಡವು. ಕ್ಯಾಮೆರಾವನ್ನು ಮೂಲೆಯಲ್ಲಿ ಓಡಲು ಬಿಟ್ಟು, ಉಳಿದವನ್ನು ಮೂವರೂ ಸೇರಿ ನಡುವಿಗೆ ತಳ್ಳಿ, ಎತ್ತಿ ಹಾಕಿ, ಬೆವರು ಸುರಿಸಿ ಒಂದು ಗುಡ್ಡ ಮಾಡಿದೆವು. ಗುಡ್ಡದ ಪಕ್ಕ ಅಜ್ಜಿ ಕೂತರೆ ಎಷ್ಟು ಚೆಂದ ಕಾಣುತ್ತಾಳೆಂದು ಮಾತಾಡಿಕೊಂಡೆವು. ಕ್ಯಾಮೆರಾದವನು ಪೇಟೆಯ ಹುಡುಗ, ಸೌಂಡಿನವಳ ಮನೆಯಲ್ಲಿ ತೋಟವಿಲ್ಲ, ಅವರಿಗೆ ತಿಳಿಯದು. ನನಗೆ ತಿಳಿಯುತ್ತಿತ್ತು. ಆದರೆ ಆ ಎರಡು ಗಂಟೆ ನಾನು ತೆಂಗಿನ ತೋಟದ ಮನೆಯ ಮಗಳಾಗಿರಲಿಲ್ಲ, ಬರೀ ನಿರ್ದೇಶಕಿಯಾಗಿದ್ದೆ.

ಅಜ್ಜಿ ತೋಟದಿಂದ ಬಂದು, ಏಣಿ ಹತ್ತಿ, ತಲೆ ಮೇಲೆತ್ತಿದಳು. ಬಯ್ಯಲಿಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಗುಡ್ಡವನ್ನು ಒಂದು ಸುತ್ತು ನೋಡಿ, ಹಾಗೆಯೇ ಇಳಿದುಹೋಗಿ ಜಗಲಿಯ ಮೇಲೆ ಕೂತಳು. ಬಯ್ಯುವ ಕೆಲಸವನ್ನು ಅಮ್ಮ ವಹಿಸಿಕೊಂಡು ಊರಿಗೆಲ್ಲ ಕೇಳುವ ಹಾಗೆ ಮುಗಿಸಿದಳು. ಕೊಬ್ಬರಿ ಬಿಡಿಸುವ ನಾಲ್ವರು ಹೆಂಗಸರು ಸೋಮವಾರ ಬರುವುದೆಂದು ಮಾತಾಗಿತ್ತು. ಅವರು ಬರುವುದರೊಳಗೆ ಆಗಿರುವ ಕಾಯಿಯನ್ನು ಆಗದಿರುವ ಕಾಯಿಯಿಂದ ಬೇರೆ ಮಾಡಬೇಕು, ಅದೂ ಸಾವಿರಾರು ಕಾಯಿ. ಅವತ್ತು ಗುರುವಾರ.

ಅಪ್ಪ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. "ಅವ್ವ ಐತಲ್ಲ ಬುಡ್ರೋ. ಅವ್ವನ ಕಿವಿಗೆ ಕೊಟ್ರೆ ಆಯ್ತು" ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟ.

ಹೀಗೆ ನಮ್ಮ ಸಿನಿಮಾ ಶುರುವಾಯಿತು. ಅಜ್ಜಿ ಅಟ್ಟದಲ್ಲಿ ಚೀಲದ ಮೇಲೆ ಕಾಲು ಚಾಚಿ ಕೂತಳು. ನಾನು ಒಂದೊಂದೇ ಕಾಯಿ ಕೊಡುವುದು, ಅವಳು ಅಲ್ಲಾಡಿಸಿ ಹೇಳುವುದು, ಹೇಳಿದ ಮೂಲೆಗೆ ನಾನು ಉರುಳಿಸುವುದು. ಸೌಂಡಿನವಳು ಉದ್ದನೆಯ ಮೈಕು ಹಿಡಿದು, ಹೆಡ್‌ಫೋನ್ ಹಾಕಿಕೊಂಡು ಅಜ್ಜಿಯ ಕೈ ಹತ್ತಿರವೇ ಕೂತಳು. ಆಯ್ತು, ಆಯ್ತು, ತಡಿ, ನೀರು, ಆಯ್ತು. ಅವತ್ತು ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಇದೇ. ಯಾರಿಗೂ ಬೇಸರವಾಗಲಿಲ್ಲ ಎಂದರೆ ನಂಬಬೇಕು. ಇಡೀ ವಾರದಲ್ಲಿ ಮೊದಲ ಸಲ ಅಜ್ಜಿ ಕ್ಯಾಮೆರಾ ಇದೆಯೆಂಬುದನ್ನೇ ಮರೆತಿದ್ದಳು.

ಎರಡನೆಯ ದಿನ ಊಟಕ್ಕೆ ಏಳುವ ಹೊತ್ತಿಗೆ ಸೌಂಡಿನವಳಿಗೆ ಒಂದು ಆಸೆ ಹುಟ್ಟಿತು. "ಅಜ್ಜೀ, ನಿಮ್ಮ ಕಾಯಿ ಸದ್ದು ನೀವೇ ಕೇಳಿ" ಎಂದು ತನ್ನ ಹೆಡ್‌ಫೋನ್ ತೆಗೆದು ಅಜ್ಜಿಯ ತಲೆಗೆ ಹಾಕಿದಳು. ಅಜ್ಜಿ ಕಣ್ಣು ಮುಚ್ಚಿ, ತಲೆದೂಗಿ, "ಆಹಾ! ಏನ್ ಚೆನ್ನಾಗಿ ಕೇಳ್ತದೆ! ಲೊಡಲೊಡ ಅಂತಾ ಐತೆ" ಎಂದು ನಕ್ಕಳು. ನಾನೂ ನಕ್ಕೆ. ಕ್ಯಾಮೆರಾದವನು ಎಲ್ಲವನ್ನೂ ಹಿಡಿದುಕೊಳ್ಳುತ್ತಿದ್ದ. ಸೌಂಡಿನವಳು ಮಾತ್ರ ನಗಲಿಲ್ಲ. ಅವಳ ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಧ್ವನಿಯನ್ನು ಅವಳು ಹಾಕಿಯೇ ಇರಲಿಲ್ಲ.

ಅಜ್ಜಿ ಇಳಿದುಹೋದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಗ ಕೆಳಗೆ ಅಮ್ಮ ಅಜ್ಜಿಯ ಬೆನ್ನ ಹಿಂದಿನಿಂದ "ಅತ್ತೇ, ಮುದ್ದೆ ಇಡ್ಲಾ?" ಎನ್ನುವುದು ಕೇಳಿಸಿತು. ಉತ್ತರವಿಲ್ಲ. ಅಮ್ಮ ಎರಡನೆಯ ಸಲ ಕೇಳಿದಳು. ಉತ್ತರವಿಲ್ಲ. "ನಿಮ್ಗೆ ಇಷ್ಟ ಬಂದಾಗ್ಲೇ ಮಾತಾಡೋದು" ಎಂದು ಅಮ್ಮ ಗೊಣಗಿದಳು. ಅಜ್ಜಿಯ ಹಟವೆಂದು ನಾವೆಲ್ಲ ವರ್ಷಗಟ್ಟಲೆ ತಿಳಿದುಕೊಂಡಿದ್ದ ಎಷ್ಟೋ ಸಂಗತಿಗಳು ನನ್ನ ಕಣ್ಣ ಮುಂದೆ ಬಂದವು. ಫೋನು ಬಂದರೆ "ನಂಗೆ ಈ ಡಬ್ಬ ಆಗಲ್ಲ" ಎಂದು ಅಮ್ಮನಿಗೆ ಕೊಡುತ್ತಿದ್ದುದು, ಮನೆಗೆ ಯಾರೇ ಬಂದರೂ ಎದುರಿಗೇ ಕೂರಿಸಿಕೊಳ್ಳುತ್ತಿದ್ದುದು, ಧಾರಾವಾಹಿ ನೋಡುವಾಗ ಸದ್ದು ಎಷ್ಟಿದ್ದರೂ ಸುಮ್ಮನಿರುತ್ತಿದ್ದುದು. ಸಿನಿಮಾದ ಯೋಚನೆ ಹುಟ್ಟಿದಾಗಿನಿಂದ ನಾನು ಪರಂಪರೆ ಪರಂಪರೆ ಎಂದು ಕುಣಿದಿದ್ದೆ. ನನ್ನ ಮಾತು ಅಜ್ಜಿಗೆ ಕೇಳುತ್ತಲೇ ಇಲ್ಲ ಎಂದು ತಿಳಿಯಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಆಮೇಲೆ ಹೆದರಿಕೆಯಾಯಿತು, ಅಷ್ಟೂ ಕಾಯಿಯನ್ನು ಅವಳು ಬಾಯಿಗೆ ಬಂದಂತೆ ಹೇಳಿದ್ದರೆ?

"ಇಲ್ಲ ಕಣೇ" ಎಂದಳು ಸೌಂಡಿನವಳು. "ನಿನ್ನೆಯಿಂದ ಒಂದೊಂದು ಕಾಯೀದೂ ಸದ್ದು ನನ್ನ ಕಿವೀಲಿ ಐತೆ. ಅಜ್ಜಿ ಒಂದೇ ಒಂದೂ ತಪ್ಪು ಹೇಳಿಲ್ಲ."

ಶನಿವಾರ ಬೆಳಿಗ್ಗೆ ನಾನೊಬ್ಬಳೇ ಅಟ್ಟ ಹತ್ತಿ ಅಜ್ಜಿಯ ಎದುರಿಗೆ ಕೂತು, ನಿಂಗೆ ಕಿವಿ ಕೇಳ್ಸಲ್ವಾ ಎಂದು ಮೆಲ್ಲಗೆ ಕೇಳಿದೆ. ಮೆಲ್ಲಗೆ ಎಂದರೂ ತುಟಿ ಚೆನ್ನಾಗಿ ಆಡಿಸಿ. ಅಜ್ಜಿಯ ಮುಖ ಕೆಂಪಾಯಿತು. ಕೈಯಲ್ಲಿದ್ದ ಕಾಯಿಯನ್ನು ನನ್ನ ಮೇಲೆ ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿಲ್ಲ, ತೊಡೆಯ ಮೇಲಿಟ್ಟುಕೊಂಡಳು.

"ಯಾರ್ಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳಿದ್ರೆ ನೋಡು. ನಿಮ್ಮಪ್ಪಂಗೆ ಗೊತ್ತಾದ್ರೆ ಮುಗೀತು. ಅವ್ವಂಗೆ ವಯಸ್ಸಾಯ್ತು ಅಂತ ಟಿ.ವಿ. ಮುಂದೆ ಕೂರಿಸ್ತಾನೆ. ಕೂತ ಕಡೆ ಕಾಫಿ ತಂದ್ಕೊಡ್ತಾರೆ. ಮದುವೆಯಾಗಿ ಬಂದ ವರ್ಷದಿಂದ ಈ ಅಟ್ಟ ನೋಡ್ಕೊಂಡಿದೀನಿ ಕಣೇ. ಇದು ಹೋದ್ರೆ ನಂಗೆ ಇನ್ನೇನೈತೆ?"

ನಾನು ಅವಳ ಕೈ ಹಿಡಿದುಕೊಂಡೆ. ಕಣ್ಣಲ್ಲಿ ನೀರು ಬಂತು. ಅಳುವವರನ್ನು ಕಂಡರೆ ಅಜ್ಜಿಗೆ ಆಗುವುದಿಲ್ಲ. ಚೀಲದ ಬಾಯಿ ಹೊಲಿಯಲು ಇಟ್ಟಿದ್ದ ಹತ್ತಿಯಂಥ ನಾರನ್ನು ಎರಡು ಉಂಡೆ ಮಾಡಿ ನನ್ನ ಎರಡೂ ಕಿವಿಗೆ ತುರುಕಿ, ಒಂದು ಕಾಯಿಯನ್ನು ನನ್ನ ಕೈಗೆ ಕೊಟ್ಟಳು. ಅಲ್ಲಾಡಿಸು ಎಂದು ಕೈಸನ್ನೆ ಮಾಡಿದಳು. ಅಲ್ಲಾಡಿಸಿದೆ. ಏನೂ ತಿಳಿಯಲಿಲ್ಲ. ನನ್ನ ಮಣಿಕಟ್ಟನ್ನು ಸಡಿಲ ಮಾಡಿ, ತನ್ನ ಕೈಯನ್ನು ನನ್ನ ಕೈಯ ಕೆಳಗೆ ಕೊಟ್ಟು, ಮತ್ತೆ ಆಡಿಸಿದಳು. ಒಂದು ಕಾಯಿ, ಇನ್ನೊಂದು, ಮತ್ತೊಂದು. ಇಪ್ಪತ್ತು ಮೂವತ್ತು ಕಾಯಿಯಾದ ಮೇಲೆ ಇದ್ದಕ್ಕಿದ್ದಂತೆ ಸಿಕ್ಕಿತು. ನೀರಿರುವ ಕಾಯಿ ನಾನು ನಿಲ್ಲಿಸಿದ ಮೇಲೂ ಒಂದು ಚೂರು ಹೊತ್ತು ಒಳಗೆ ಓಡಾಡುತ್ತದೆ. ತಡಿ ಅನ್ನುವ ಕಾಯಿ ಕಲ್ಲಿನ ಹಾಗೆ ನನ್ನ ಕೈಯ ಜೊತೆಗೇ ಬಂದು ನನ್ನ ಜೊತೆಗೇ ನಿಲ್ಲುತ್ತದೆ. ಆದ ಕಾಯಿ ಮಣಿಕಟ್ಟಿನ ಒಳಬದಿಗೆ ಒಂದು ಸಣ್ಣ ಪೆಟ್ಟು ಕೊಡುತ್ತದೆ, ಅಷ್ಟೇ. ನಾನು ಕುಣಿದಾಡಿದೆ. ಅಜ್ಜಿ ನನ್ನ ಕಿವಿಯ ನಾರು ಕಿತ್ತು, "ಕಿವಿ ಹತ್ರ ಹಿಡಿಯೋದು ಜನಕ್ಕೆ ತೋರ್ಸೋಕೆ" ಎಂದು ಕಣ್ಣು ಮಿಟುಕಿಸಿದಳು.

ಭಾನುವಾರ ಸಂಜೆಗೆ ರಾಶಿ ಮೂರಾಯಿತು. ಸೋಮವಾರ ಬಂದ ಹೆಂಗಸರು ಕಾಯಿ ಸುಲಿದು, ಚಿಪ್ಪು ಒಡೆದು, ಒಂದೂ ಹಸಿಯಿಲ್ಲದ ಕೊಬ್ಬರಿ ಬಿಡಿಸಿ ಹೋದರು. ಅಪ್ಪ ನನ್ನ ತಲೆಗೆ ಮೊಟಕಿ ಕ್ಷಮಿಸಿದ.

ಇನ್ನು ಉಳಿದದ್ದು ನಮ್ಮ ಮೂವರ ಜಗಳ. ಹೆಡ್‌ಫೋನ್ ಹಾಕಿಕೊಂಡು ಅಜ್ಜಿ ನಕ್ಕ ದೃಶ್ಯ ಕ್ಯಾಮೆರಾದಲ್ಲಿತ್ತು. "ಇದೊಂದು ಇದ್ರೆ ಸಾಕು ಕಣೇ, ಬೇರೆ ಏನೂ ಬೇಡ" ಎಂದು ಕ್ಯಾಮೆರಾದವನು ಪಟ್ಟು ಹಿಡಿದ. ಅವನು ಹೇಳುವುದಕ್ಕೆ ಮುಂಚೆಯೇ ನನಗೂ ಅದು ಗೊತ್ತಿತ್ತು. ಸುಳ್ಳೇಕೆ, ನನಗೆ ಬಾಯಲ್ಲಿ ನೀರೂರಿತ್ತು. ಅಂಥ ದೃಶ್ಯ ಜೀವಮಾನಕ್ಕೆ ಒಂದು ಸಿಕ್ಕುತ್ತದೆ. ಎರಡು ದಿನ ಯೋಚಿಸಿ, ಕೊನೆಗೆ ಅದನ್ನು ಅಜ್ಜಿಗೆ ತೋರಿಸಿ, ಇಡಲೇ ಎಂದು ಕೇಳಿದೆ. ಅವಳು ಆ ಚಿಕ್ಕ ಪರದೆಯಲ್ಲಿ ತನ್ನ ನಗುವನ್ನು ತಾನೇ ನೋಡಿ, ಬೇಡ ಎಂದು ತಲೆಯಾಡಿಸಿದಳು. ಅಳಿಸಿಬಿಟ್ಟೆ. ಕ್ಯಾಮೆರಾದವನು ಒಂದು ವಾರ ನನ್ನ ಫೋನು ಎತ್ತಲಿಲ್ಲ.

ಆದರೆ ಅಜ್ಜಿಯ ಕಿವಿ ಎಷ್ಟು ಸೂಕ್ಷ್ಮ ಎಂದು ಸುಳ್ಳು ಹೇಳುವ ಸಿನಿಮಾ ಮಾಡಲೂ ನನಗೆ ಮನಸ್ಸಿರಲಿಲ್ಲ. ಕಾಲುಜ್ಜುವ ಕಲ್ಲಿನ ಸುಳ್ಳೇ ಸಾಕಾಗಿತ್ತು. ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದೆವು. ಚಿತ್ರದ ನಡುವೆ ಮೂರು ನಿಮಿಷ ಬರೀ ಅಜ್ಜಿಯ ಕೈ. ಕಾಯಿ ಎತ್ತುವುದು, ಆಡಿಸುವುದು, ಉರುಳಿಸುವುದು. ಆ ಮೂರು ನಿಮಿಷ ಸದ್ದೇ ಇಲ್ಲ. ಸದ್ದು ತೆಗೆಯೋಣ ಎಂದದ್ದು ಸೌಂಡಿನವಳೇ, ಅದಕ್ಕೆ ನಾನು ಅವಳನ್ನು ಈಗಲೂ ಮೆಚ್ಚುತ್ತೇನೆ. ನಾಲ್ಕು ದಿನ ಮೈಕು ಹಿಡಿದು ಅವಳ ತೋಳು ಬಿದ್ದುಹೋಗಿತ್ತು.

ಎರಡು ತಿಂಗಳಾದ ಮೇಲೆ ಮುಂದಿನ ರಾಶಿ ಬಿಡಿಸಲು ಅದೇ ನಾಲ್ವರು ಹೆಂಗಸರು ಬಂದರು. ನಮ್ಮ ಸಿನಿಮಾ ಮುಗಿದಿತ್ತು. ಹಗಲು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಕತ್ತಲಿರುವ ಜಾಗವೆಂದರೆ ಅಟ್ಟ. ಹೆಂಚಿನ ಸಂದಿಗಳಿಗೆ ಚೀಲ ತುರುಕಿ, ಅಪ್ಪನ ಬಿಳಿ ಪಂಚೆ ಕಟ್ಟಿ, ಬಾಡಿಗೆಗೆ ತಂದ ಪ್ರೊಜೆಕ್ಟರ್ ಇಟ್ಟು, ಊಟವಾದ ಕೂಡಲೇ ಎಲ್ಲರನ್ನೂ ಮೇಲೆ ಹತ್ತಿಸಿದೆವು. ಅಪ್ಪ, ಅಮ್ಮ, ಹೆಂಗಸರು, ದಬ್ಬೇಘಟ್ಟದ ಸೋದರತ್ತೆ. ಎಲ್ಲರೂ ಕಾಯಿಗಳ ನಡುವೆ ಜಾಗ ಮಾಡಿಕೊಂಡು ಕೂತರು. ಅಜ್ಜಿ ಮುಂದುಗಡೆ.

ರಾಶಿ ಕಲೆಸಿದ ದೃಶ್ಯಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಸದ್ದು ಹೋದ ಕೂಡಲೇ ಅಪ್ಪ "ಏ, ಸೌಂಡ್ ಹೋಯ್ತು ಕಣ್ರೋ" ಎಂದು ಎದ್ದು ಸ್ಪೀಕರಿನ ವೈರು ಅಲ್ಲಾಡಿಸತೊಡಗಿದ. ಕೂರಪ್ಪ ಎಂದು ಎಳೆದು ಕೂರಿಸಿದೆ. ಪಂಚೆಯ ಮೇಲೆ ಅಜ್ಜಿಯ ಕೈ ಮಾತ್ರ, ಒಂದೊಂದು ಬೆರಳೂ ದೊಡ್ಡದಾಗಿ. ಅಮ್ಮ ಆ ಕೈಯನ್ನು ಬಾಗಿ ಬಾಗಿ ನೋಡುತ್ತಿದ್ದಳು.

ಮುಗಿದ ಮೇಲೆ ಹೆಂಗಸರಲ್ಲಿ ಹಿರಿಯಳಾದವಳು ಎದ್ದುಬಂದು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗಲ್ಲ ಹಿಡಿದಳು. "ಅಜ್ಜೀ, ಈ ವಯಸ್ಸಲ್ಲೂ ಏನ್ ಕಿವಿ ನಿಮ್ದು! ನಮಗ್ಯಾರ್ಗೂ ಇಲ್ಲ ಕಣ್ರೀ."

ಅಜ್ಜಿ ಅವಳ ತುಟಿಯನ್ನೇ ನೋಡಿದಳು. ಸುಮ್ಮನೆ ನಕ್ಕುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈಗಷ್ಟೇ ತನ್ನ ಕೈಯನ್ನು ಆಳುದ್ದ ನೋಡಿದ್ದಳು, ಹೊಗಳಿಕೆಯೆಲ್ಲ ಕಿವಿಗೆ ಹೋಗುವುದನ್ನು ಸಹಿಸುವುದು ಅವಳಿಂದಾಗಲಿಲ್ಲ.

"ಕಿವೀನ್ಯಾಕೆ ಹೊಗಳ್ತೀಯಾ? ಅದು ಹೋಗಿ ಮೂರು ವರ್ಷ ಆಯ್ತು. ದುಡೀತಾ ಇರೋದು ಈ ಕೈ ಕಣೇ, ಕೈ!"

ಅಪ್ಪ ಎದ್ದ. ಅಜ್ಜಿಯ ಹಿಂದೆ ಹೋಗಿ "ಅವ್ವಾ" ಎಂದ. ಅವಳು ತಿರುಗಲಿಲ್ಲ. ಮತ್ತೊಂದು ಸಲ ಎಂದ. ಆಮೇಲೆ ಮುಂದೆ ಬಂದು ಕೂತ. ಅವನ ಮುಖ ನೋಡಿ ನನಗೇ ಸಂಕಟವಾಯಿತು.

"ಹಂಗಾರೆ ಇನ್ಮೇಲೆ ನೀನು ಏಣಿ ಹತ್ತೋದು ಬೇಡ ಕಣವ್ವ. ಏನಾರ ಆದ್ರೆ ಕೆಳಗಿಂದ ಕೂಗಿದ್ರೂ ನಿಂಗೆ ಕೇಳಲ್ಲ. ಸಾಕು ದುಡಿದಿದ್ದು. ಟಿ.ವಿ. ನೋಡ್ಕಂಡು ಆರಾಮಾಗಿರು."

ಅಕ್ಷರಶಃ ಅಜ್ಜಿ ಹೇಳಿದ್ದ ಮಾತು. ಇದನ್ನೆಲ್ಲ ಎಳೆದು ತಂದವಳು ನಾನೇ. ಅಜ್ಜಿ ಮಗನ ಮಾತನ್ನು ಪೂರ್ತಿ ನೋಡಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹತ್ತು ಕಾಯಿ ತಾ" ಎಂದಳು ಹಿರಿಯ ಹೆಂಗಸಿಗೆ. "ಅನುಮಾನದ್ದೇ ನೋಡಿ ತಾ. ಇವನು ಕಿವೀಲಿ ಹೇಳ್ಲಿ, ನಾನು ಕೈಯಲ್ಲಿ ಹೇಳ್ತೀನಿ. ನೀನು ಒಡಿ. ಇವನು ಗೆದ್ರೆ ನಾನು ಇಳಿದು ಹೋಗ್ತೀನಿ, ಮತ್ತೆ ಈ ಕಡೆ ತಲೆ ಹಾಕಲ್ಲ."

ಅಪ್ಪ ಬೇಡವೆಂದ. ಸೋದರತ್ತೆ "ಹೆದರ್ಕೊಂಡ್ಯಾ?" ಎಂದು ಚುಚ್ಚಿದಳು. ಎಲ್ಲರೂ ಕೆಳಗಿಳಿದು ಅಂಗಳಕ್ಕೆ ಬಂದೆವು. ಮೊದಲ ಕಾಯಿ ಅಪ್ಪ ಕಿವಿಗೆ ಹಿಡಿದು ಆಡಿಸಿ ಆಯ್ತು ಎಂದ. ಅಜ್ಜಿ, ಈ ಸಲ ಕಿವಿಯ ಹತ್ತಿರವೂ ಒಯ್ಯದೆ, ಹೊಟ್ಟೆಯ ಮುಂದೆಯೇ ಹಿಡಿದು ಆಡಿಸಿ ತಡಿ ಎಂದಳು. ಹೆಂಗಸರು ಸುಲಿದರು, ಒಡೆದರು. ತಿರುಳು ಒಂದು ಕಡೆ ಚಿಪ್ಪಿಗೆ ಇನ್ನೂ ಕಚ್ಚಿಕೊಂಡಿತ್ತು. ಅಂಗಳದಲ್ಲಿ ಹೋ ಎಂದು ಕೂಗೆದ್ದಿತು. ರಸ್ತೆಯಲ್ಲಿ ಹೋಗುತ್ತಿದ್ದವರು ಬಂದು ನಿಂತರು. ಅಪ್ಪ ಎರಡು, ಮೂರು, ನಾಲ್ಕನೆಯ ಕಾಯಿಗೆ ಸರಿಯಾಗಿ ಹೇಳಿ ಮೀಸೆ ತಿರುವಿದ, ಐದಕ್ಕೂ ಆರಕ್ಕೂ ಮತ್ತೆ ಬಿದ್ದ. ಅಜ್ಜಿ ಒಂದರ ಹಿಂದೊಂದು ಸರಿ. ಒಂಬತ್ತನೆಯದಕ್ಕೆ ಅವಳು ಆಯ್ತು ಎಂದಳು, ಒಡೆದರೆ ಒಳಗೆ ಕೌಟು ಕೊಬ್ಬರಿ. "ಇದು ನನ್ ತಪ್ಪಲ್ಲ, ಕಾಯೀದು. ಬಿಟ್ಕೊಂಡಂತೂ ಐತೆ ತಾನೆ" ಎಂದು ವಾದ ಹೂಡಿದಳು. ಯಾರೂ ಒಪ್ಪಲಿಲ್ಲ. ಹತ್ತರಲ್ಲಿ ಅಜ್ಜಿಯದು ಒಂಬತ್ತು, ಅಪ್ಪನದು ಆರು.

ಅಪ್ಪ ಸೋತವನು ಒಡೆದ ಕೊಬ್ಬರಿಯ ಚೂರು ಬಾಯಿಗೆ ಹಾಕಿಕೊಂಡು ಅಗಿಯುತ್ತಾ, ತಾಯಿಯ ಮುಂದೆ ಕೂತು, ಅವಳ ಎರಡೂ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಷ್ಟು ಹೊತ್ತಿಗೆ ನನಗೆ ನೆನಪಾಯಿತು. "ಲೇ, ಇದನ್ನ ತೆಗೆದ್ಯಾ?" ಎಂದು ಕ್ಯಾಮೆರಾದವನನ್ನು ಕೇಳಿದೆ. ಅವನು ಬಾಯಿ ತೆರೆದುಕೊಂಡು ನಿಂತಿದ್ದ. ಅವನ ಕ್ಯಾಮೆರಾ ಅಟ್ಟದಲ್ಲೇ ಇತ್ತು. ಸೌಂಡಿನವಳ ಮೈಕೂ ಅಲ್ಲೇ. ಮೂವರು ಸಿನಿಮಾದವರು ಎದುರಿಗೇ ಇದ್ದು ಆ ಇಡೀ ಆಟವನ್ನು ಬರೀ ಕಣ್ಣಲ್ಲಿ ನೋಡಿದ್ದೆವು. ಅದಕ್ಕಾಗಿ ನಾನು ಒಂದು ದಿನವೂ ಕೊರಗಿಲ್ಲ.

ನಮ್ಮ ಸಿನಿಮಾಕ್ಕೆ ಬಹುಮಾನ ಬರಲಿಲ್ಲ. ನಡುವೆ ಮೂರು ನಿಮಿಷ ಧ್ವನಿ ಇಲ್ಲದಿರುವುದು ತಾಂತ್ರಿಕ ದೋಷ, ಸರಿಪಡಿಸಿ ಮತ್ತೆ ಕಳಿಸಿ ಎಂದು ಸಂಸ್ಥೆಯವರು ಬರೆದಿದ್ದರು. ಅದನ್ನು ಓದಿ ಸೌಂಡಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಮೊದಲು ಸಿಟ್ಟಾಗಿ, ಆಮೇಲೆ ನಕ್ಕೆ. ಸರಿಪಡಿಸಲಿಲ್ಲ.

ಅಮ್ಮ ಅಜ್ಜಿಯನ್ನು ತಿಪಟೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿದಳು. ಈಗ ಧಾರಾವಾಹಿಯಲ್ಲಿ ಯಾರು ಏನೆಂದರೆಂದು ನಮಗಿಂತ ಚೆನ್ನಾಗಿ ಹೇಳುತ್ತಾಳೆ, ಅಮ್ಮನ ಗೊಣಗಾಟಕ್ಕೂ ತಕ್ಷಣ ಉತ್ತರ ಕೊಡುತ್ತಾಳೆ. ಅಮ್ಮನಿಗೆ ಒಮ್ಮೊಮ್ಮೆ ಯಾಕಾದರೂ ಹಾಕಿಸಿದೆನೋ ಎನ್ನಿಸುತ್ತದಂತೆ.

ಹೋದ ತಿಂಗಳು ಹೊಸ ಕಾಯಿ ಕೆಡವಿಸಿದ ದಿನ ನಾನು ಮನೆಯಲ್ಲಿದ್ದೆ. ಅಪ್ಪ ಬೆಳಿಗ್ಗೆಯೇ ಅಟ್ಟ ಹತ್ತಿ, ಅಜ್ಜಿ ಹಿಡಿಯಲೆಂದು ಏಣಿಯ ಪಕ್ಕ ಒಂದು ಹಗ್ಗ ಬಿಗಿದು, ಹೊಸ ತಡಿಕೆಗಳನ್ನು ಗೋಡೆಗೆ ಒರಗಿಸಿ ಕಾಯುತ್ತಿದ್ದ. ಅಜ್ಜಿ ಏಣಿಯ ಬುಡದಲ್ಲಿ ನಿಂತು ಕಿವಿಯ ಮಿಷನ್ ತೆಗೆದು ನನ್ನ ಅಂಗೈಗೆ ಹಾಕಿದಳು. "ಮೇಲೆ ಇದರ ಗಲಾಟೆ ಬೇಡ. ಇಟ್ಕಂಡಿರು. ತಡಿಕೆ ಮುಟ್ಟೀಯಾ, ಕೈ ಮುರೀತೀನಿ" ಎಂದು ಹಗ್ಗ ಹಿಡಿದು ಹತ್ತಿದಳು. ನಾನೂ ಹಿಂದೆಯೇ ಹತ್ತಿದೆ. ಅಪ್ಪ ಹಳೆಯ ರಾಶಿಯಿಂದ ಒಂದು ಕಾಯಿ ಎತ್ತಿ, ಕಿವಿಗೆ ಹಿಡಿದು, ಮುಖ ಹುಳ್ಳಗೆ ಮಾಡಿಕೊಂಡು, ಸುತ್ತಿಬಂದು ಅವಳ ಎದುರಿಗೆ ನಿಂತು ಕಾಯಿಯನ್ನು ಚಾಚಿದ. ಅಜ್ಜಿ ಎರಡು ಸಲ ಆಡಿಸಿದಳು.

"ತಡಿ."

ಅಪ್ಪ ಅದನ್ನು ತೆಗೆದುಕೊಂಡು ಹೋಗಿ ಎಲ್ಲಿತ್ತೋ ಅಲ್ಲೇ ಇಟ್ಟ.